ಲೆಫ್ಟ್

ಸ್ವಿಂಡನ್ನಿನ ಕಣ್ಣಾಸ್ಪತ್ರೆಯ ಕತ್ತಲೆ ಕೋಣೆಯಲ್ಲಿ
ಡಾಕ್ಟರಮ್ಮ ಅಂದಳು: ಲೆಫ್ಟಿನಲ್ಲಿ ಹೆಚ್ಚೇನೂ ಲೆಫ್ಟಿಲ್ಲ.
ಒಂದೇ ಪದ ಎರಡು ಸಲ ಬಂದು
ಒಂದನ್ನೊಂದು ಹೊಡೆದುಹಾಕಿತೇನೋ ಎಂದು
ನಾನು ಬೆಪ್ಪಾಗಿ ಕೂತೆ.
ತಿಪ್ಪೇಶನೇ ಯಂತ್ರದಿಂದ ಗದ್ದ ಎತ್ತಿ
ಯಾರದೋ ಮನೆಯ ಸುದ್ದಿ ಹೇಳುವಂತೆ ಕನ್ನಡದಲ್ಲಿ ಹೇಳಿದ:
'ಎಡಗಣ್ಣಲ್ಲಿ ಉಳಿದಿರೋದು ಅಷ್ಟಕ್ಕಷ್ಟೇ ಅಂತೆ.
ಬಲಗಣ್ಣೂ ಅದೇ ದಾರಿ.'

ಇಪ್ಪತ್ತೆರಡು ವರ್ಷ ಹದಿಮೂರನೇ ನಂಬರಿನ ಬಸ್ಸು ಓಡಿಸಿದ ಕಣ್ಣು.
ಕಾರನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆವು.
ಡ್ರೈವರ್ ಗುರುತಿನವ, ದುಡ್ಡು ಬೇಡ ಅಂದ.
ಮನೆಯಲ್ಲಿ ಕೀಲಿಗೊಂಚಲನ್ನು ನನ್ನ ಕೈಗಿಟ್ಟ,
ಎಡಗೈಯಲ್ಲಿ.
ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ.

ಆ ರಾತ್ರಿ ಡಿಪೋದವರ ವಾಟ್ಸ್ಯಾಪ್ ಗುಂಪಿನಲ್ಲಿ
ಬೂದು ಬಣ್ಣದ ಸಣ್ಣ ಸಾಲು: ತಿಪ್ಪೇಶ್ ಲೆಫ್ಟ್.
ಎಡಕ್ಕೆ ಅಂತ ಯಾರೂ ಅಂದುಕೊಳ್ಳಲಿಲ್ಲ.

ಹೀಗೆ ಐವತ್ತೊಂದಕ್ಕೆ ನನಗೆ ಎಲ್ ಬೋರ್ಡು.
ಪಕ್ಕದಲ್ಲಿ ಪ್ರಾಸ್ಸರ್ ಮೇಷ್ಟ್ರು, ವೇಲ್ಸಿನ ಮುದುಕ,
ತೊಡೆಸಂದಿಯಲ್ಲಿ ಚಹಾದ ಫ್ಲಾಸ್ಕು.
ಮುಂದಿನ ಲೆಫ್ಟ್ ಅಂದರೆ
ಉಣ್ಣುವ ಕೈ ಯಾವುದೆಂದು ನನಗೆ ಮೊದಲು ನೆನಪಾಗಬೇಕು,
ಆಮೇಲೆ ಅದಲ್ಲದ್ದು.
ಅಷ್ಟರಲ್ಲಿ ತಿರುವು ಕನ್ನಡಿಯೊಳಗೆ ಹೋಗಿ ಕೂತಿರುತ್ತದೆ.
'ಲೆಫ್ಟನ್ನು ಲೆಫ್ಟ್ ಮಾಡಿ ಬಂದೆವು' ಎಂಬರ್ಥದಲ್ಲಿ
ಏನೋ ಅಂದು ನಗುತ್ತಾನೆ, ಚಹಾ ತುಳುಕಿಸಿಕೊಂಡು.

ಮದುವೆಯಾಗಿ ಬಂದ ದಿನ ಹೊಸಿಲ ಮುಂದೆ
ಬಲಗಾಲು, ಬಲಗಾಲು ಎಂದು ಏಳೆಂಟು ಹೆಂಗಸರು ಕೂಗಿದ್ದರು.
ಇಲ್ಲಿ ಎಡಗಾಲು ಒತ್ತದೆ ಗಾಡಿ ಮನೆಮುಂದಿನಿಂದ ಅಲುಗದು.
ಒತ್ತುವುದೇನು, ಯಾರೂ ಒತ್ತಬಹುದು,
ಬಿಡುವುದು ಕಷ್ಟ:
ನಿದ್ದೆ ಹತ್ತಿದ ಕೂಸಿನ ತಲೆಯಡಿಯಿಂದ
ತೋಳು ಬಿಡಿಸಿಕೊಂಡ ಹಾಗೆ ಬಿಡಬೇಕು ಕ್ಲಚ್ಚನ್ನು.

ಲೆಫ್ಟ್‌ಓವರ್ ಮಾತ್ರ ನನಗೆ ಯಾರೂ ಕಲಿಸಬೇಕಿಲ್ಲ.
ಶಾಲೆಯ ಅಡುಗೆಮನೆಯವಳು ನಾನು.
ಮಿಕ್ಕ ಬಟಾಣಿ, ಮಿಕ್ಕ ಆಲೂಗಡ್ಡೆ,
ರಾತ್ರಿ ಕಳೆದರೆ ತಂಗಳು,
ಒಗ್ಗರಣೆ ಬಿದ್ದರೆ ಮತ್ತೆ ಅಡುಗೆ.

ಒಂದು ದಿನ ಕೆಂಪು ದೀಪದಲ್ಲಿ ಪ್ರಾಸ್ಸರ್ ಅಂದ:
ನನ್ನ ಹೆಂಡತಿ ಲೆಫ್ಟ್.
ತೀರಿಕೊಂಡಳೇ ಎಂದೆ.
ಇಲ್ಲ, ಕಾರ್ಡಿಫ್‌ಗೆ.
ಏನು ಲೆಫ್ಟ್ ಈಗ ಎಂದೆ, ಕಲಿತ ಪದ ಬಿಡದೆ.
ನಾಯಿ, ಎಂದ. ದೀಪ ಹಸಿರಾಗಿ ಹಿಂದಿನವ ಹಾರ್ನ್ ಒತ್ತಿದ.

ಎಂಥ ಮಾತಪ್ಪ ಇವರದ್ದು!
ಹೋದವಳೂ ಲೆಫ್ಟ್, ಉಳಿದವನೂ ಲೆಫ್ಟ್.
ನಮ್ಮದೇನು ಕಮ್ಮಿ? ಎಡಕ್ಕೆ ನಾವು ಎಡವಟ್ಟು ಅಂಟಿಸಿದೆವು,
ಬೆಳಿಗ್ಗೆಯ ಸಿಡುಕಿಗೆಲ್ಲ ಎಡಮಗ್ಗುಲನ್ನು ದೂರಿದೆವು.
ಎಡವಿದ ಕಾಲೇ ಎಡವುವುದು ಅಂತಾರಲ್ಲ,
ನಾನು ಎರಡು ಸಲ ಫೇಲಾದೆ, ಎರಡೂ ಸಲ ಒಂದೇ ತಿರುವಿನಲ್ಲಿ.

ಮೂರನೇ ಸಲ, ಡಿಸೆಂಬರಿನಲ್ಲಿ, ಪಾಸು.
ಎಲ್ ಬೋರ್ಡು ಕಿತ್ತ ಜಾಗದಲ್ಲಿ
ಧೂಳು ಕೂರದ ಒಂದು ಚೌಕ ಲೆಫ್ಟ್.

ಈಗ ಎಡಸೀಟಿನಲ್ಲಿ ತಿಪ್ಪೇಶ.
ಐದು ಪುಟ್ಟ ವೃತ್ತ ಸೇರಿ ಒಂದು ದೊಡ್ಡ ವೃತ್ತವಾಗುವ
ಈ ಊರಿನ ಹುಚ್ಚು ಸರ್ಕಲ್ಲಿನಲ್ಲಿ
ಇಲ್ಲದ ಬ್ರೇಕನ್ನು ಅವನ ಕಾಲು ತುಳಿಯುತ್ತದೆ.
ನಾನು ಸುಮ್ಮನಿರುತ್ತೇನೆ, ತುಳಿಯಲಿ.
'ಎಡಕ್ಕೆ ಏನಿದೆ?' ಎಂದು ಕೇಳುತ್ತಾನೆ.
ಒಬ್ಬ ಹುಡುಗಿ, ಹಳದಿ ಛತ್ರಿ, ಬಸ್‌ಸ್ಟಾಪು,
ಒಂದು ಬಸ್ಸು ಬಂದು ನಿಂತಿದೆ.
'ಎಷ್ಟನೇ ನಂಬರು?'
ಹದಿಮೂರು.

'ನಾಲ್ಕು ನಿಮಿಷ ಲೇಟು' ಎಂದ,
ಗಡಿಯಾರದ ಕಡೆ ತಿರುಗದೆ.